ದನದ ಲೆಕ್ಕದಲ್ಲಿ ಒಂದು ನಾಯಿ

ಸಾಗರ ಸೀಮೆಯ ಹಳ್ಳಿಗಳಲ್ಲಿ ದನದ ಡಾಕ್ಟ್ರು ಅಂದರೆ ದನದ ಡಾಕ್ಟ್ರೇ. 1980ರ ದಶಕದಲ್ಲಿ ಅವರು ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಬರುತ್ತಿದ್ದರು. ಕರು ಹಾಕಿದ ಮರುದಿನವೇ ನೆಲ ಹಿಡಿದು, ಕತ್ತನ್ನು ಪಕ್ಕೆಯ ಕಡೆ ಹೊರಳಿಸಿ ಮಲಗಿದ ಹಸುವಿನ ಕುತ್ತಿಗೆಯ ನರಕ್ಕೆ ಸೂಜಿ ಚುಚ್ಚಿ ಕ್ಯಾಲ್ಸಿಯಂ ಬಾಟ್ಲಿಯನ್ನು ಎತ್ತಿ ಹಿಡಿಯುತ್ತಿದ್ದರು. ಗಿಣ್ಣುಹಾಲು ಇಳಿಯುವ ರಭಸಕ್ಕೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಬರುವ ರೋಗ ಅದು. ಬಾಟ್ಲಿ ಖಾಲಿಯಾಗುವ ಹೊತ್ತಿಗೆ ಹಸುವಿನ ಮೈ ನಡುಗುತ್ತಿತ್ತು, ಸಗಣಿ ಹಾಕುತ್ತಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಎದ್ದು ನಿಂತು ಕರುವನ್ನು ಹುಡುಕುತ್ತಿತ್ತು. ಕೊಟ್ಟಿಗೆಯಲ್ಲಿ ಸೇರಿದವರಿಗೆಲ್ಲ ಅದು ಪವಾಡ.

ಅದೇ ಕೊಟ್ಟಿಗೆಯ ಮೂಲೆಯಲ್ಲಿ ನಾಯಿಮರಿಗಳು ರಕ್ತಭೇದಿಯಾಗಿ ಸಾಯುತ್ತಿದ್ದವು. ಡಾಕ್ಟ್ರು ಬೈಕ್ ಹತ್ತುವ ಮುಂಚೆ "ಈ ಮರೀನೂ ಒಂಚೂರು ನೋಡಿ" ಎಂದು ಯಾರೂ ಕೇಳುತ್ತಿರಲಿಲ್ಲ.

ಕೇಳಬೇಕು ಎಂದು ಅನ್ನಿಸಿದ್ದು ಅಂಥ ಒಂದು ಮನೆಯ ಹುಡುಗಿಗೆ. ಅನ್ನಿಸಿತು, ಕೇಳಲಿಲ್ಲ, ಡಾಕ್ಟ್ರ ಮುಂದೆ ಮಕ್ಕಳು ಬಾಯಿ ಬಿಡುವ ಕಾಲ ಅದಲ್ಲ. ಈಗ ಆಕೆ ಸಾಗರ ಪೇಟೆಯಲ್ಲಿ ಮನೆಯಲ್ಲೇ ಹೊಲಿಗೆ ಇಟ್ಟುಕೊಂಡಿರುವ ಹೆಂಗಸು. ಬೀದಿಯ ಮಕ್ಕಳಿಂದ ಹಿಡಿದು ಪಶು ಆಸ್ಪತ್ರೆಯ ಕಾಂಪೌಂಡರ್‌ವರೆಗೆ ಎಲ್ಲರಿಗೂ ಆಕೆ 'ಅತ್ತೆ'. ಆಕೆಯ ಗಂಡ, ಅಂದರೆ ಎಲ್ಲರ 'ಮಾವ', ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಆ ಮನೆಯಲ್ಲಿ ನಾಯಿಯೋ ಬೆಕ್ಕೋ ಇಲ್ಲದ ಕಾಲ ಇರಲಿಲ್ಲ. ಕೈಯಲ್ಲಿ ಕಾಸಿಲ್ಲದ ಕಾಲ ಬೇಕಾದಷ್ಟಿತ್ತು. ಕಾಯಿಲೆಯೂ ಖಾಲಿ ಕೈಯೂ ಒಟ್ಟಿಗೆ ಬಂದಾಗ ಏನು ಮಾಡಬೇಕೆಂಬುದನ್ನು ಅವರು ಕಲಿತದ್ದು ನಿಧಾನವಾಗಿ.

ಕೊಟ್ಟಿಗೆಯ ಮರಿಗಳನ್ನು ಕೊಂದದ್ದು ಪಾರ್ವೊ ಇರಬೇಕು ಎಂದು ಬಹಳ ವರ್ಷಗಳ ಮೇಲೆ ಡಾಕ್ಟರೊಬ್ಬರು ಅತ್ತೆಗೆ ಹೇಳಿದರು. ಪ್ರಪಂಚಕ್ಕೆ ಈ ವೈರಸ್ಸಿನ ಪರಿಚಯವಾದದ್ದೇ 1978ರಲ್ಲಿ. ಒಂದೆರಡು ವರ್ಷದಲ್ಲಿ ಅದು ಖಂಡಗಳನ್ನು ದಾಟಿತ್ತು. ಮೊದಲು ಮರಿ ಮಂಕಾಗುತ್ತದೆ, ಆಮೇಲೆ ವಾಂತಿ, ಆಮೇಲೆ ಒಂದು ಸಲ ಮೂಸಿದರೆ ಮರೆಯಲಾಗದ ನಾತದ ರಕ್ತಭೇದಿ. ಮೈಯ ನೀರೆಲ್ಲ ಬಸಿದು ಹೋಗಿ ಸಾಯುತ್ತದೆ. ನರಕ್ಕೆ ಸಲೈನ್, ವಾಂತಿ ನಿಲ್ಲುವ ಮದ್ದು, ಕರುಳಿನಿಂದ ರಕ್ತಕ್ಕೆ ನಂಜು ಏರದಂತೆ ಆಂಟಿಬಯಾಟಿಕ್, ಇಷ್ಟು ಬೇಗ ಸಿಕ್ಕರೆ ಹೆಚ್ಚಿನ ಮರಿಗಳು ಬದುಕುತ್ತವೆ. ಏನೂ ಸಿಗದಿದ್ದರೆ ಹೆಚ್ಚಿನವು ಸಾಯುತ್ತವೆ. ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಹಾಗಾಗಿ ಮುಂದಿನ ಸೂಲಿನ ಮರಿಗಳೂ ಅದೇ ಮೂಲೆಯಲ್ಲಿ ಸಾಯುತ್ತವೆ. ಊರವರು ಅದನ್ನು ಜಾಗದ ದೋಷ ಎಂದು ತಿಳಿದು ಚೌಡಿಗೆ ಕಾಯಿ ಒಡೆಸುತ್ತಿದ್ದರು. ಜಾಗದಲ್ಲಿ ದೋಷ ಇದ್ದದ್ದಂತೂ ನಿಜ.

ಆ ಜನ ಕಟುಕರಾಗಿರಲಿಲ್ಲ. ಹಸು ಹಾಲು ಕೊಡುತ್ತಿತ್ತು, ಎತ್ತು ಗದ್ದೆ ಹೂಡುತ್ತಿತ್ತು, ನಾಯಿ ಬೊಗಳಿ ಎರಡು ಹೊತ್ತಿನ ಅನ್ನ ಸಂಪಾದಿಸುತ್ತಿತ್ತು. ಅದನ್ನೂ ಹೆಚ್ಚು ಕಾಲ ಉಣ್ಣುತ್ತಿರಲಿಲ್ಲ. ಮಲೆನಾಡಿನ ಒಂಟಿ ಮನೆಗಳಲ್ಲಿ ನಾಯಿ ಮುದಿಯಾಗುವ ಮುಂಚೆ ಚಿರತೆ ಬಂದು ಎತ್ತಿಕೊಂಡು ಹೋಗುತ್ತಿತ್ತು. ತೇಜಸ್ವಿಯವರ 'ಪರಿಸರದ ಕತೆ'ಯ ಕಿವಿ ಎಂಬ ನಾಯಿಯನ್ನು ಓದಿ ನಕ್ಕು ಬೆಳೆದ ತಲೆಮಾರು ಕೂಡ ತಮ್ಮ ಮನೆಯ ನಾಯಿಗೆ ದುಡ್ಡು ಖರ್ಚು ಮಾಡಿದ್ದು ಬಹಳ ತಡವಾಗಿ.

ನಾಯಿ ಹುಷಾರಿಲ್ಲ ಎಂಬುದು ಮನುಷ್ಯರ ಜೀವದ ಪ್ರಶ್ನೆಯಾಗುತ್ತಿದ್ದದ್ದು ಒಂದೇ ಸಂದರ್ಭದಲ್ಲಿ. ಒಮ್ಮೆ ಪಕ್ಕದ ಮನೆಯ ನಾಯಿ ಬಾಯಿ ತೆರೆದುಕೊಂಡೇ ಕೂತಿತ್ತು, ಜೊಲ್ಲು ಸುರಿಸುತ್ತಿತ್ತು, ನೀರು ಇಟ್ಟರೆ ಕುಡಿಯಲಾರದು. "ಎಲುಬು ಸಿಕ್ಕಿಕೊಂಡಿದೆ" ಎಂದು ಮನೆಯ ಯಜಮಾನರು ಗಂಟಲಿಗೆ ಕೈ ಹಾಕಿ ನೋಡಿದರು. ಎಲುಬು ಇರಲಿಲ್ಲ. ನಾಯಿ ಮೂರನೇ ದಿನ ಸತ್ತಿತು. ಹುಚ್ಚುನಾಯಿ ಎಂದರೆ ಅಟ್ಟಿಸಿಕೊಂಡು ಬಂದು ಕಚ್ಚುವುದು ಎಂದೇ ಎಲ್ಲರೂ ತಿಳಿದಿದ್ದರು. ರೇಬಿಸ್‌ನಲ್ಲಿ ಹೀಗೆ ದವಡೆ ಜೋತು ಬಿದ್ದು, ಗಂಟಲಿನ ಸ್ನಾಯು ಸೋತು, ಸುಮ್ಮನೆ ಮೂಲೆ ಸೇರುವ ಬಗೆಯೂ ಇದೆ ಎಂದು ಗೊತ್ತಿರಲಿಲ್ಲ. ಯಜಮಾನರು ಹೊಕ್ಕುಳ ಸುತ್ತ 14 ಚುಚ್ಚುಮದ್ದು ಹಾಕಿಸಿಕೊಂಡು ಬದುಕಿದರು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಮದ್ದನ್ನು ಭಾರತ 2004ರ ಕೊನೆಗೆ ನಿಲ್ಲಿಸಿತು. ಈಗ ತೋಳಿಗೆ ಕೆಲವೇ ಚುಚ್ಚು. ನುಂಗಲಾರದ, ಜೊಲ್ಲು ಸುರಿಸುವ, ಲಸಿಕೆ ಹಾಕಿಸದ ನಾಯಿಯ ಬಾಯಿಗೆ ಕೈ ಹಾಕಬಾರದು ಎಂಬುದನ್ನು ಅತ್ತೆ ಇವತ್ತಿಗೂ ಬೀದಿಯ ಹೊಸ ಬಾಡಿಗೆದಾರರಿಗೆಲ್ಲ ಹೇಳುತ್ತಾರೆ, ಅವರು ನಾಯಿ ಸಾಕಿರಲಿ ಬಿಡಲಿ.

ಮದುವೆಯಾಗಿ ಪೇಟೆಗೆ ಬಂದ ಮೇಲೆ ಮೊದಲ ದೊಡ್ಡ ಗಾಬರಿ ಕೊಟ್ಟದ್ದು ನಾಯಿಯಲ್ಲ, ಒಂದು ಗಂಡು ಬೆಕ್ಕು. ಬಚ್ಚಲ ಒಲೆಯ ಬೂದಿಯಲ್ಲಿ ಹೋಗಿ ಕೂರುತ್ತಿತ್ತು, ತಿಣುಕುತ್ತಿತ್ತು, ಎದ್ದು ಬಂದು ಮತ್ತೆ ಹೋಗಿ ಕೂರುತ್ತಿತ್ತು. ಅಕ್ಕಪಕ್ಕದವರು ಮಲಬದ್ಧತೆ ಎಂದರು, ಹರಳೆಣ್ಣೆ ಕುಡಿಸಿ ಎಂದರು. ಮಾವ ಎಂದಿನಂತೆ "ನಾಳೆ ನೋಡಿದ್ರಾತು" ಎಂದರು. ಬೂದಿ ಒದ್ದೆಯಾಗಿಲ್ಲ ಎಂಬುದನ್ನು ಗಮನಿಸಿದ್ದು ಅತ್ತೆ. ಬೆಳಗಿನಿಂದ ಸಂಜೆವರೆಗೆ ಒಂದು ಹನಿಯೂ ಇಲ್ಲ.

ಸಾಗರದ ಡಾಕ್ಟ್ರು ಹೊಟ್ಟೆ ಮುಟ್ಟಿದರು. ಗಟ್ಟಿಯಾಗಿ ಉಬ್ಬಿದ ಮೂತ್ರಕೋಶ ಕೈಗೆ ಸಿಕ್ಕಿತು. ಅವರು ಕೇಳಿದ ಮೊದಲ ಪ್ರಶ್ನೆ "ಮನುಷ್ಯರ ಮಾತ್ರೆ ಏನಾದ್ರೂ ಕೊಟ್ರಾ?" ಎಂದು. ಕೊಟ್ಟಿರಲಿಲ್ಲ. ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದು ಮಾತ್ರೆಗೇ ಸಾಯಬಹುದು. ಎರಡನೆಯದಾಗಿ ಅವರು ಹೇಳಿದ್ದು, ನಾಳೆಯ ಮಾತೇ ಬೇಡ ಎಂದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳೋ ಲೋಳೆಯೋ ಕಟ್ಟಿಕೊಂಡರೆ ಮುಗಿಯಿತು. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಒಂದೆರಡು ದಿನದೊಳಗೆ ಹೃದಯವನ್ನೇ ನಿಲ್ಲಿಸುತ್ತದೆ. ಅಷ್ಟು ಸಣ್ಣ ನಳಿಗೆ ಅವರ ಹತ್ತಿರ ಇರಲಿಲ್ಲ. ಸರ್ಕಾರಿ ಪಶು ಆಸ್ಪತ್ರೆಯ ಕಪಾಟು ತುಂಬಿರುವುದು ದನಕ್ಕಾಗಿ.

ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್. ಬಿದಿರು ಬುಟ್ಟಿಗೆ ಹಳೇ ಸೀರೆ ಸುತ್ತಿ, ಬೆಕ್ಕನ್ನು ಒಳಗಿಟ್ಟು, ಕೊನೆಯ ಬಸ್ಸು ಹಿಡಿದರು. ಕಂಡಕ್ಟರ್ ಬುಟ್ಟಿಗೂ ಟಿಕೆಟ್ ಹರಿದ. ಅಲ್ಲಿ ಖಾಸಗಿ ವೈದ್ಯರೊಬ್ಬರು ರಾತ್ರಿಯೇ ಮತ್ತು ಬರಿಸಿ ನಳಿಗೆ ಹಾಕಿ ಮೂತ್ರ ತೆಗೆದರು. ಬೆಕ್ಕು ಉಳಿಯಿತು. ಮಾವನ ಆ ತಿಂಗಳ ಸಂಬಳದಲ್ಲಿ ಒಳ್ಳೆಯ ಪಾಲು ಹೋಯಿತು.

ವಾಪಸ್ ಬರುವ ಬಸ್ಸಿನಲ್ಲಿ ಮಾವ ಹೇಳಿದ ಮಾತನ್ನು ಅತ್ತೆ ಈಗಲೂ ಅವರ ಧಾಟಿಯಲ್ಲೇ ಹೇಳಿ ತೋರಿಸುತ್ತಾರೆ. "ನಾಳೆ ನೋಡಿದ್ರಾತು ಅಂತ ನಾನು ಅಂದಿದ್ದು ಬೆಕ್ಕಿಗೆ ಏನೂ ಆಗಿಲ್ಲ ಅಂತ ಅಲ್ಲ ಕಣೇ. ದುಡ್ಡು ಎಷ್ಟಾಗುತ್ತೋ ಅಂತ." ಲೆಕ್ಕ ಬರೆಯುವ ಮನುಷ್ಯ, ಸರಿಯಾದ ಕಡೆ ಕೈಯಿಟ್ಟರು. ಕಾಯಿಲೆ ದೊಡ್ಡದೋ ಚಿಕ್ಕದೋ ಎಂಬ ಚರ್ಚೆ ಮನೆಗಳಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ಅದರ ಅಡಿಯಲ್ಲಿ ಇರುವುದು ಬಿಲ್ಲಿನ ಭಯ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಪ್ರೀತಿ ಕಮ್ಮಿ ಎಂದು ಯಾರಾದರೂ ಅಂದುಕೊಂಡಾರು ಎಂಬ ಸಂಕೋಚಕ್ಕೆ. ಹಾಗಾಗಿ ಪ್ರಾಣಿ ಕಾಯುತ್ತದೆ. ಕಾದಷ್ಟೂ ಬಿಲ್ಲು ಬೆಳೆಯುತ್ತದೆ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳುವ ಪದ್ಧತಿ ಬಂತು. ಇವತ್ತೇ ಹೋಗಬೇಕಾ ಎಂಬುದು ಅತ್ತೆಯ ಇಲಾಖೆ. ದುಡ್ಡು ಎಲ್ಲಿಂದ ಎಂಬುದು ಮಾವನದು. ಒಬ್ಬರ ಉತ್ತರದಲ್ಲಿ ಇನ್ನೊಬ್ಬರು ಕೈ ಹಾಕುವಂತಿಲ್ಲ.

ಅತ್ತೆ ನೋಡುವುದು ಬಹಳವೇನಲ್ಲ. ತಿಂದಿತಾ, ನೀರು ಕುಡಿಯಿತಾ, ಮೂತ್ರ ಹೋಯಿತಾ. ತುಟಿ ಎತ್ತಿ ಒಸಡಿನ ಬಣ್ಣ. ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ಮಲಗಿದಾಗ ಪಕ್ಕೆ ನಿಮಿಷಕ್ಕೆ ಮೂವತ್ತಕ್ಕಿಂತ ಹೆಚ್ಚು ಸಲ ಏರಿಳಿದರೆ ಅನುಮಾನ. ಒಂದು ಹೊತ್ತು ಅನ್ನ ಬಿಟ್ಟ ದೊಡ್ಡ ನಾಯಿಯನ್ನು ಅವರು ಸುಮ್ಮನೆ ಬಿಡುತ್ತಾರೆ. ಹುಲ್ಲು ತಿಂದು ಒಂದು ಸಲ ಕಕ್ಕಿದ್ದಕ್ಕೂ ಓಡುವುದಿಲ್ಲ. ಮರಿ ವಾಂತಿ ಮಾಡಿದರೆ ಮಾತ್ರ ಹೊಲಿಗೆ ಅರ್ಧಕ್ಕೆ ನಿಲ್ಲುತ್ತದೆ, ಮರಿಯ ಮೈಯಲ್ಲಿ ಕಳೆದುಕೊಳ್ಳಲು ನೀರು ಎಷ್ಟಿರುತ್ತದೆ! ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಅದರ ಯಕೃತ್ತಿಗೆ ಕೊಬ್ಬು ಕಟ್ಟಿಕೊಂಡು ಅದೇ ಇನ್ನೊಂದು ಕಾಯಿಲೆಯಾಗುತ್ತದೆ ಎಂಬುದನ್ನೂ ಶಿವಮೊಗ್ಗದ ಆ ವೈದ್ಯರೇ ಹೇಳಿಕೊಟ್ಟದ್ದು.

ಉಣುಗಿನ ಕತೆ ಬೇರೆ. ಆ ಸೀಮೆಯವರಿಗೆ ಉಣುಗು ಎಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮತ್ತೆ ಕಾಣಿಸಿಕೊಂಡು ಜೀವಗಳನ್ನು ತೆಗೆದುಕೊಂಡಿತು. ಆ ಚಳಿಗಾಲ ಎಲ್ಲರ ಬಾಯಲ್ಲೂ ಉಣುಗೇ. ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದರು. ಕಾಡಿನ ಉಣುಗು ಬೇರೆ, ಮನೆಯ ಗೋಡೆಯ ಬಿರುಕಿನಲ್ಲೇ ಸಂಸಾರ ಹೂಡುವ ನಾಯಿಯ ಕಂದು ಉಣುಗು ಬೇರೆ. ಅದೂ ಸುಮ್ಮನೆ ಬಿಡುವುದಿಲ್ಲ. ಹೊತ್ತು ತರುವುದು ಎರ್ಲಿಕಿಯಾ, ಬಬೇಸಿಯಾ ಎಂಬ ಸೂಕ್ಷ್ಮಜೀವಿಗಳನ್ನು. ಒಂದು ಬಿಳಿ ರಕ್ತಕಣದಲ್ಲಿ ಮನೆ ಮಾಡುತ್ತದೆ, ಇನ್ನೊಂದು ಕೆಂಪು ರಕ್ತಕಣವನ್ನು ಒಡೆಯುತ್ತದೆ.

ಅತ್ತೆಯ ಮನೆಯಲ್ಲಿ ಆಗ ಇದ್ದದ್ದು ಕಾಳ ಎಂಬ ಬೀದಿ ಜಾತಿಯ ನಾಯಿ. ಎರಡು ಹೊತ್ತು ಅನ್ನ ಬಿಟ್ಟಿತು. ಒಸಡು ಬಿಳಿಚಿಕೊಂಡಿತ್ತು. ಬೆಳಿಗ್ಗೆ ಮೂಗಿನಿಂದ ಒಂದು ಎಳೆ ರಕ್ತ. ಆಸ್ಪತ್ರೆಯಲ್ಲಿ ಥರ್ಮಾಮೀಟರ್ 104 ಡಿಗ್ರಿ ತೋರಿಸಿತು; ನಾಯಿಗೆ ಸಹಜವಾಗಿರುವುದು 101ರಿಂದ 102.5. ರಕ್ತ ಪರೀಕ್ಷೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ ಎಂದು ಸಾಗರದ ಡಾಕ್ಟ್ರು ಚೀಟಿ ಬರೆದರು. ಅಷ್ಟು ಹೊತ್ತಿಗೆ ಅಲ್ಲಿ ಕಾಲೇಜು ಬಂದು ವರ್ಷಗಳಾಗಿದ್ದವು. ಬೀದರಿನಲ್ಲಿ ಕೇಂದ್ರವಿರುವ ಪಶು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಅದೂ ಒಂದು. ಓದುವ ಹುಡುಗ ಹುಡುಗಿಯರು ಸುತ್ತ ನಿಂತು ನೋಡುತ್ತಾರೆ, ಪ್ರೊಫೆಸರು ಅವರಿಗೆ ಪ್ರಶ್ನೆ ಹಾಕುತ್ತಾರೆ, ಸಮಯ ಹಿಡಿಯುತ್ತದೆ. ದುಡ್ಡು ಮಾತ್ರ ಖಾಸಗಿಯವರಿಗೆ ಹೋಲಿಸಿದರೆ ಕಮ್ಮಿ. ಹೊತ್ತು ಇದ್ದವರಿಗೆ, ಕಾಸು ಇಲ್ಲದವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅತ್ತೆ ಮೇಜಿನ ಮುಂದೆ ನಿಂತು ನೇರವಾಗಿ ಹೇಳಿದರು: "ಡಾಕ್ಟ್ರೇ, ಕೈಯಲ್ಲಿ ಎರಡು ಸಾವಿರ ಇದೆ. ಇದರೊಳಗೆ ಯಾವುದು ಆಗಲೇಬೇಕು, ಅದನ್ನ ಮೊದಲು ಹೇಳಿ." ಡಾಕ್ಟರಿಗೆ ಸಿಟ್ಟು ಬರಲಿಲ್ಲ, ಸಮಾಧಾನವೇ ಆಯಿತು. ಪೆನ್ನು ತೆಗೆದರು. ರಕ್ತದ ಎಣಿಕೆ ಮತ್ತು ಗಾಜಿನ ಮೇಲೆ ರಕ್ತ ಸವರಿ ನೋಡುವ ಪರೀಕ್ಷೆ ಇವತ್ತೇ ಆಗಬೇಕು. ಸ್ಕ್ಯಾನಿಂಗ್ ಸದ್ಯಕ್ಕೆ ಬೇಡ. ಡಾಕ್ಸಿಸೈಕ್ಲಿನ್ ಮಾತ್ರೆ ನಾಲ್ಕು ವಾರ, ಒಂದು ದಿನವೂ ತಪ್ಪಬಾರದು. ಬರೆದಿದ್ದ ಟಾನಿಕ್ಕಿನ ಮೇಲೆ ಅವರೇ ಗೆರೆ ಎಳೆದರು. ಆ ಮಾತ್ರೆ ಮನುಷ್ಯರ ಔಷಧಿ ಅಂಗಡಿಯಲ್ಲೂ ಸಿಗುವಂಥದ್ದು, ಅಗ್ಗ. ಉಣುಗಿನ ಜ್ವರದಲ್ಲಿ ದುಬಾರಿಯಾಗುವುದು ತಡ ಮಾಡಿದವರ ನಾಯಿಗೆ ರಕ್ತ ಕೊಡಿಸಬೇಕಾಗಿ ಬರುವುದು.

ವೈದ್ಯರ ಮುಂದೆ ದುಡ್ಡಿನ ಮಾತು ಎತ್ತುವುದು ಮರ್ಯಾದೆಯಲ್ಲ ಎಂದು ನಾವು ತಿಳಿದಿದ್ದೇವೆ. ಈ ಒಂದು ಸಂಕೋಚ ಎಷ್ಟು ಪ್ರಾಣಿಗಳನ್ನು ಕೊಂದಿದೆಯೋ. ಬರೆದ ಆರು ಔಷಧಿಯಲ್ಲಿ ಮೂರನ್ನು ಮಾತ್ರ ತಂದು, ಯಾವ ಮೂರು ಎಂದು ಡಾಕ್ಟರಿಗೆ ಹೇಳದೆ, 'ಮದ್ದು ಕೊಟ್ಟರೂ ಉಳಿಯಲಿಲ್ಲ' ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ.

ಆದರೂ ಎರಡು ಸಾವಿರಕ್ಕೆ ಕಾಳನ ಕತೆ ಮುಗಿಯಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ಕಣಗಳು ಬಹಳ ಕೆಳಗೆ ಇಳಿದಿದ್ದವು, ಡ್ರಿಪ್ ಹಾಕಿಸಲು ಹೋಗಿ ಬರಬೇಕಾಯಿತು, ಪ್ರತಿ ಸಲ ಬಾಡಿಗೆ ವ್ಯಾನು. ಜ್ವರ ಬಂದ ದೊಡ್ಡ ನಾಯಿಯನ್ನು ಬುಟ್ಟಿಯಲ್ಲಿಟ್ಟು ಬಸ್ ಹತ್ತುವುದಾಗುತ್ತದೆಯೇ? ಅತ್ತೆ ತಮ್ಮ ಸ್ವಸಹಾಯ ಸಂಘದಲ್ಲಿ ಸಾಲ ಕೇಳಿದರು.

ಸಂಘದ ಪುಸ್ತಕದಲ್ಲಿ ಸಾಲದ ಉದ್ದೇಶ ಬರೆಯಲೇಬೇಕು. ಹೈನುಗಾರಿಕೆ, ಮಕ್ಕಳ ಓದು, ಮನೆ ರಿಪೇರಿ, ವೈದ್ಯಕೀಯ. ಪುಸ್ತಕ ಬರೆಯುವಾಕೆ ಪೆನ್ನು ಎತ್ತಿ ಹಿಡಿದು ಕೂತರು. "ವೈದ್ಯಕೀಯ ಅಂದ್ರೆ ಮನುಷ್ಯರದ್ದಲ್ವೇನೇ?" ಒಬ್ಬಾಕೆ ಮುಖ ಸಿಂಡರಿಸಿದರು, ನಾಯಿಗೆ ಸಾಲ ಮಾಡುವಷ್ಟು ಸೊಕ್ಕೇ ಎಂಬಂತೆ. ಕೊನೆಗೆ ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬರು ತೀರ್ಪು ಕೊಟ್ಟರು: "ಜಾನುವಾರು ಅಂತ ಬರಿ. ನಾಲ್ಕು ಕಾಲು ಇದೆಯಲ್ಲ." ಎಲ್ಲರೂ ನಕ್ಕರು. ಹಾಗೆಯೇ ಬರೆದರು. ಜೂನ್ ತಿಂಗಳ ಶಾಲೆ ಯೂನಿಫಾರ್ಮಿನ ಹೊಲಿಗೆಯಲ್ಲಿ ಸಾಲ ತೀರಿತು. ಕಾಳ ಎರಡನೇ ವಾರಕ್ಕೇ ಬಾಲ ಅಲ್ಲಾಡಿಸಿ ಪೋಸ್ಟ್‌ಮ್ಯಾನ್ ಮೇಲೆ ಬೊಗಳಲು ಶುರು ಮಾಡಿದ್ದರೂ ಮಾತ್ರೆ ನಾಲ್ಕು ವಾರವೂ ನಡೆಯಿತು.

ಬಡವರ ಮನೆಯ ಕತೆ ಎಂದು ಇದನ್ನು ಓದಬೇಡಿ. ಅದೇ ಬೀದಿಯ ಕೊನೆಯಲ್ಲಿ ಹೊಸ ಮನೆ ಕಟ್ಟಿಸಿದವರ ಹತ್ತಿರ ದುಡ್ಡು ಕೊಟ್ಟು ತಂದ ಲ್ಯಾಬ್ರಡಾರ್ ಹೆಣ್ಣು ನಾಯಿ ಇತ್ತು. ಬೆದೆ ಮುಗಿದು ಒಂದು ತಿಂಗಳ ಮೇಲೆ ಅದು ಬಕೆಟ್‌ಗಟ್ಟಲೆ ನೀರು ಕುಡಿಯತೊಡಗಿತು, ಮಂಕಾಯಿತು, ಹೊಟ್ಟೆ ಸ್ವಲ್ಪ ಬಿಗಿಯಿತು. ಗರ್ಭಕೋಶದಲ್ಲಿ ಕೀವು. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಸೋರಿ ಯಾರಿಗಾದರೂ ಕಾಣುತ್ತದೆ. ಮುಚ್ಚಿಕೊಂಡಿದ್ದರೆ ಒಳಗೇ ತುಂಬಿ ನಂಜಾಗುತ್ತದೆ. ಕೂಡಲೇ ಶಸ್ತ್ರಚಿಕಿತ್ಸೆ ಮಾಡಿ ಗರ್ಭಕೋಶ ತೆಗೆಯಬೇಕು. ಖಾಸಗಿ ಆಸ್ಪತ್ರೆಯೊಂದು ಹೇಳಿದ ಮೊತ್ತ ಕೇಳಿ ಮನೆಯವರು "ಯೋಚನೆ ಮಾಡ್ತೀವಿ" ಎಂದು ವಾಪಸ್ ಬಂದಿದ್ದರು. ಮನೆ ಸಾಲ, ಕಾರಿನ ಕಂತು, ಮಗಳ ಹಾಸ್ಟೆಲ್. ಅಷ್ಟು ದೊಡ್ಡ ಮನೆಯಲ್ಲಿದ್ದು ನಾಯಿಗೆ ದುಡ್ಡಿಲ್ಲ ಎನ್ನುವುದು ಹೇಗೆ? ಅತ್ತೆ ಜಗುಲಿಯಲ್ಲಿ ಕೂತು "ಎಷ್ಟು ಕಮ್ಮಿ ಬೀಳುತ್ತೆ?" ಎಂದು ಕೇಳಿದಾಗ ಆ ಮನೆಯಾಕೆ ಅತ್ತುಬಿಟ್ಟರಂತೆ. ಮರುದಿನ ಬೆಳಿಗ್ಗೆ ಕಾಲೇಜಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಉಳಿಯಿತು. ಮರಿ ಬೇಡವೆಂದು ಮೊದಲೇ ಸಂತಾನಹರಣ ಮಾಡಿಸಿದ್ದರೆ ಈ ಕಾಯಿಲೆಯೂ ಬರುತ್ತಿರಲಿಲ್ಲ, ಇದರ ಖರ್ಚಿನಲ್ಲಿ ಸಣ್ಣ ಪಾಲಷ್ಟೇ ಹೋಗುತ್ತಿತ್ತು.

ಅತ್ತೆಯ ಮಗ ಈಗ ಬೆಂಗಳೂರಿನಲ್ಲಿ ಬೆಕ್ಕು ಸಾಕಿದ್ದಾನೆ. ಅಲ್ಲಿ ಹಗಲು ರಾತ್ರಿ ತೆರೆದಿರುವ ಆಸ್ಪತ್ರೆಗಳಿವೆ, ಒಂದು ರಾತ್ರಿಯ ಬಿಲ್ಲಿಗೆ ಊರಲ್ಲಿ ಎಮ್ಮೆ ಕರು ಬರುತ್ತದೆ ಎಂದು ಮಾವನ ಲೆಕ್ಕ. ಆದರೆ ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ, ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ. ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕಟ್ಟಿದ ಕ್ಯುಪಾದಂಥ ಪ್ರಾಣಿದಯಾ ಸಂಸ್ಥೆಗಳೂ ಇವೆ. ಪಟ್ಟಣದಲ್ಲಿ ಇರುವ ಕಷ್ಟವೆಂದರೆ, ಎದುರಿಗೆ ಹೊಳೆಯುವ ಬೋರ್ಡಿನ ಆಸ್ಪತ್ರೆ ಇರುವಾಗ ಇವು ನೆನಪಿಗೆ ಬರುವುದಿಲ್ಲ.

ಕಾಳನ ಸಾಲ ತೀರಿದ ತಿಂಗಳೇ ಮಾವ ಅಂಚೆ ಕಚೇರಿಯಲ್ಲಿ ಒಂದು ಆರ್.ಡಿ. ತೆರೆದರು. ಐದು ವರ್ಷದ್ದು, ತಿಂಗಳಿಗೆ ಸಣ್ಣ ಮೊತ್ತ. ಪಾಸ್‌ಬುಕ್ಕಿನ ಮೇಲೆ ಪೆನ್ಸಿಲ್ಲಿನಲ್ಲಿ 'ನಾಯಿ' ಎಂದು ಬರೆದಿಟ್ಟರು. ಅದು ಕೈಗೆ ಬಂದ ವರ್ಷವೇ ಕಾಳನಿಗೆ ಮೂತ್ರಪಿಂಡ ಕೈಕೊಟ್ಟಿತು. ವಯಸ್ಸಾಗಿತ್ತು. ನೀರು ಕುಡಿಯುವುದು, ಕಕ್ಕುವುದು, ಬಾಯಲ್ಲಿ ಕೆಟ್ಟ ವಾಸನೆ, ಸೊಂಟ ಸೋತ ನಡಿಗೆ. ರಕ್ತದಲ್ಲಿ ಕ್ರಿಯಾಟಿನಿನ್ ಎಲ್ಲಿಗೋ ಏರಿತ್ತು. ದಿನಾ ಡ್ರಿಪ್ ಹಾಕಿಸಿದರೆ ಕೆಲವು ವಾರ ಎಳೆಯಬಹುದು ಎಂದರು ಡಾಕ್ಟ್ರು. ದಿನಾ 70 ಕಿಲೋಮೀಟರ್ ಹೋಗಿ, 70 ಬಂದು, ನಡುವೆ ಸೂಜಿ.

ಈ ಸಲ ದುಡ್ಡಿತ್ತು. ಮಾವ ಪಾಸ್‌ಬುಕ್ ತಂದು ಮೇಜಿನ ಮೇಲಿಟ್ಟರು, ಅತ್ತೆಯ ಕಡೆ ತಳ್ಳಿದರು, ಏನೂ ಹೇಳಲಿಲ್ಲ. ಅತ್ತೆ ಮೂರು ದಿನ ನೋಡಿದರು. ಕರೆದರೆ ಏಳುತ್ತದೆಯೇ, ತಾನಾಗಿ ಅಂಗಳಕ್ಕೆ ಹೋಗಿ ಮೂತ್ರ ಮಾಡುತ್ತದೆಯೇ, ಮೀನಿನ ಸಾರು ಮೂಸುತ್ತದೆಯೇ. ಮೂರನೇ ದಿನ ಮೂಸಲೂ ಇಲ್ಲ. ಸಾಗರದ ಡಾಕ್ಟ್ರು ಮನೆಗೇ ಬಂದು ಮೊದಲು ಮತ್ತಿನ ಮದ್ದು, ಆಮೇಲೆ ಕೊನೆಯ ಮದ್ದು ಕೊಟ್ಟರು. ಬೇಡ ಎಂದ ತೀರ್ಮಾನ ದುಡ್ಡಿಲ್ಲದೆ ಆದದ್ದಲ್ಲ ಎಂಬುದು ಅತ್ತೆಗೆ ಇವತ್ತಿಗೂ ದೊಡ್ಡ ವಿಷಯ. ದುಡ್ಡಿಲ್ಲದೆ ಬೇಡ ಎಂದಿದ್ದರೆ ಅದು ಬೇರೆಯೇ ಆಗುತ್ತಿತ್ತು ಎನ್ನುತ್ತಾರೆ. ಒಪ್ಪಬೇಕಾದ ಮಾತು.

ಆರ್.ಡಿ.ಯ ದುಡ್ಡಿನಲ್ಲಿ ಆಮೇಲೆ ಬಂದ ಹೆಣ್ಣು ಮರಿಗೆ ಪಾರ್ವೊ ಲಸಿಕೆ, ರೇಬಿಸ್ ಲಸಿಕೆ, ಸಂತಾನಹರಣ ಎಲ್ಲ ಆಯಿತು. ಇನ್ನೂ ಉಳಿದಿದೆ.

ಈ ಬರಹ ಓದುವ ನಿಮ್ಮ ಮನೆಯಲ್ಲಿ ನಾಯಿಯೋ ಬೆಕ್ಕೋ ಇದ್ದರೆ, ಅದು ಚೆನ್ನಾಗಿರುವ ಒಂದು ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ ಬನ್ನಿ. ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ರಾತ್ರಿ ಯಾರು ಫೋನ್ ಎತ್ತುತ್ತಾರೆ, ರಕ್ತ ಪರೀಕ್ಷೆ ಎಲ್ಲಿ ಮಾಡುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಸುಮಾರಿಗೆ ಪಶುಪಾಲನಾ ಇಲಾಖೆ ಅನೇಕ ಕಡೆ ಉಚಿತವಾಗಿ ಲಸಿಕೆ ಹಾಕುತ್ತದೆ. ಹಸು ಎಮ್ಮೆ ಇರುವವರು 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಆಸ್ಪತ್ರೆಯ ಗಾಡಿ ಮನೆ ಬಾಗಿಲಿಗೆ ಬರುತ್ತದೆ. ಬಂದ ಡಾಕ್ಟ್ರು ವಾಪಸ್ ಹೊರಡುವ ಮುಂಚೆ ಮೂಲೆಯ ಮರಿಯನ್ನೂ ಒಮ್ಮೆ ನೋಡಿ ಎಂದು ಕೇಳಿ.